ಎರಿಮಣ್ಣಿನ ಋಣ

ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಅಫಜಲಪುರ ತಾಲ್ಲೂಕಿನ ಅತನೂರ. ಹೊಲದಿಂದ ಬುಟ್ಟಿಯಲ್ಲಿ ಬಂದ ಎರಿಮಣ್ಣು ಅಂಗಳದ ಫರಸಿಕಲ್ಲಿನ ಮೇಲೆ ಗುಡ್ಡೆಯಾಗಿ ಬಿದ್ದಿದೆ. ಆಯಿ ಸೆರಗು ಸಿಕ್ಕಿಸಿಕೊಂಡು ಕೂತು ನೀರು ಚಿಮುಕಿಸುತ್ತಾಳೆ, ಹರಳು ಆರಿಸಿ ಆಚೆ ಒಗೆಯುತ್ತಾಳೆ, ರೊಟ್ಟಿಯ ಹಿಟ್ಟು ನಾದಿದಂತೆ ಅಂಗೈಬುಡದಿಂದ ನಾದುತ್ತಾಳೆ. ಒಂದು ಚಿವುಟಿಗೆ ಕೋಡು, ಒಂದು ಒತ್ತಿಗೆ ಇಣಿ. ಪಕ್ಕದಲ್ಲಿ ಮೊಮ್ಮಗ ತನ್ನದೇ ಎತ್ತಿಗೆ ಕೂತಿದ್ದಾನೆ. ಮಣ್ಣು ಮೆದುವಾಗಲೆಂದು ಚೊಂಬಿನ ನೀರು ಧಾರಾಳ ಸುರಿದಿದ್ದಾನೆ. ಎತ್ತೇನೋ ನುಣ್ಣಗೆ ಬಂತು; ಸಂಜೆಯ ಹೊತ್ತಿಗೆ ಇಣಿಯಿಂದ ಬಾಲದವರೆಗೆ ಸೀಳು.

“ಆಯಿ, ನನ್ನ ಎತ್ತು ಯಾಕ ಬಿರಕ ಬಿಡ್ತು?”

“ನೀರು ಭಾಳ ಕುಡದದ ಅದು. ಕುಡದಾಗ ಉಬ್ಬತದ, ಒಣಗಿದಾಗ ಸೀಳತದ. ಹೊಲದಾಗ ನೋಡಿಲ್ಲೇನು?”

ನೋಡಿದ್ದಾನೆ. ಬ್ಯಾಸಗಿಯಲ್ಲಿ ಇದೇ ಹೊಲ ಬಾಯಿ ತೆರೆದು ಬಿದ್ದಿತ್ತು. ಬಿರುಕಿನೊಳಗೆ ಕೋಲು ಇಳಿಬಿಟ್ಟರೆ ಕೈ ಸೋಲುವವರೆಗೂ ಹೋಗುತ್ತಿತ್ತು. ಮೇಲಿನ ಪುಡಿಮಣ್ಣು ಅದರೊಳಗೆ ಉದುರಿ, ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲೆದ್ದು, ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಮಣ್ಣು ವಿಜ್ಞಾನಿಗಳು ಇಂಥ ನೆಲಕ್ಕೆ ಇಟ್ಟ ವರ್ಟಿಸಾಲ್ ಎಂಬ ಹೆಸರಿನ ಮೂಲದಲ್ಲೂ ‘ಮಗುಚು’ ಎಂಬ ಅರ್ಥವೇ ಇದೆ. ಎರಡು ಹದಮಳೆ ಬಿದ್ದದ್ದೇ ತಡ, ಬಿರುಕುಗಳೆಲ್ಲ ಮುಚ್ಚಿಹೋದವು. ಈಗ ಹೊಲಕ್ಕೆ ಕಾಲಿಟ್ಟರೆ ಒಂದೊಂದು ಚಪ್ಪಲಿಗೂ ಸೇರು ಮಣ್ಣು ಹತ್ತುತ್ತದೆ.

ಆಯಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನೀರು ಕುಡಿಯುವುದು ಮಣ್ಣಲ್ಲ, ಮಣ್ಣಿನ ಪಕ್ಕ ಕೂತವರು.

ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಗಿ, ಕಲ್ಲು ಕೊಳೆತು ಆದದ್ದು ಈ ಎರಿ. ಇದರ ಜೀವಾಳ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಬರೀ ಹಾಳೆ ಹಾಳೆ. ಒಂದು ಹಾಳೆಯ ದಪ್ಪ ಹೆಚ್ಚುಕಡಿಮೆ ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಗ್ರಾಂ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಏಳು ಗುಂಟೆ ಮಿಕ್ಕಿ. ತೊಲ ಜೇಡಿಗೆ ಎರಡು ಎಕರೆ. ಹುಡುಗನ ನೂರು ಗ್ರಾಮಿನ ಎತ್ತಿನಲ್ಲಿ ಅರ್ಧದಷ್ಟು ಮಾತ್ರ ಈ ಜೇಡಿ ಅಂತ ಹಿಡಿದರೂ ಒಂಬತ್ತು ಎಕರೆ ಅದರ ಹೊಟ್ಟೆಯಲ್ಲೇ ಮಡಿಚಿಕೊಂಡು ಕೂತಿದೆ. ತಲಾಟಿಯ ಉತಾರದಲ್ಲಿ ಸಿಗದ ಆಸ್ತಿ.

ಆ ಆಸ್ತಿಯ ಮೇಲೆ ಸಾಲವೂ ಇದೆ. ಹಾಳೆಯ ನಡುವೆ ಮೂರು ಧನ ವಿದ್ಯುದಂಶದ ಅಲ್ಯೂಮಿನಿಯಂ ಕೂರಬೇಕಾದ ಕೆಲವು ಜಾಗದಲ್ಲಿ ಎರಡರ ಮೆಗ್ನೀಸಿಯಂ ಕೂತುಬಿಟ್ಟಿದೆ. ಅಲ್ಲೆಲ್ಲ ಒಂದೊಂದು ಧನ ಕಡಿಮೆಯಾಗಿ ಇಡೀ ಹಾಳೆ ಋಣವಾಗಿದೆ. ‘ಮಣ್ಣಿನ ಋಣ’ ಅಂತ ನಾವು ಮಾತಿಗೆ ಅನ್ನುತ್ತೇವೆ. ಇಲ್ಲಿ ಮಣ್ಣಿಗೇ ಋಣ. ಮಾಸ್ಕೋದಲ್ಲಿ ರಾಯ್ಸ್ ಎಂಬ ಪ್ರಾಧ್ಯಾಪಕ ಹಸಿ ಜೇಡಿಯಲ್ಲಿ ಎರಡು ಗಾಜಿನ ನಳಿಗೆ ಊರಿ ವಿದ್ಯುತ್ ಹರಿಸಿ ನೋಡಿದ. ಧನ ತುದಿಯ ನಳಿಗೆಯಲ್ಲಿ ಜೇಡಿಯ ಕಣಗಳು ಮೇಲೆದ್ದು ನೀರು ರಾಡಿಯಾಯಿತು. 1809ರಲ್ಲಿ ಅವನು ಇದನ್ನು ಪ್ರಕಟಿಸಿದ. ವಿದ್ಯುತ್ತಿಗೆ ಕಣವೂ ದ್ರವವೂ ಸರಿಯುವುದನ್ನು ಓದುವ ಈ ಇಡೀ ಶಾಸ್ತ್ರ, ಎಲೆಕ್ಟ್ರೋಕೈನೆಟಿಕ್ಸ್, ಹುಟ್ಟಿದ್ದು ಕೆಸರಿನಲ್ಲಿ ಎಂಬುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ.

ಸಾಲ ತೀರಿಸಲು ಸುತ್ತಲ ನೀರಿನಿಂದ ಧನ ಅಯಾನುಗಳು ಬರುತ್ತವೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ. ಅವು ಹಾಳೆಗೆ ಅಂಟಿಕೊಂಡು ಕೂರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಇದೇ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತ ಜಯಂತಿಯ ದಿನ ಹೋದವರಿಗೆ ಈ ಚಿತ್ರ ಗೊತ್ತು. ನಿರ್ಗುಣ ಪಾದುಕೆಯ ದರ್ಶನ ಒಂದು ಸಣ್ಣ ಕಿಟಕಿಯಿಂದ. ಕಿಟಕಿಯ ಹತ್ತಿರ ಉಸಿರಾಡಲು ಜಾಗವಿಲ್ಲ. ನಾಲ್ಕು ಹೆಜ್ಜೆ ಹಿಂದೆ ಒಂದಿಷ್ಟು ಸಡಿಲ, ಬೀದಿಗೆ ಬಂದರೆ ಎಂದಿನ ಓಡಾಟ. ಒಳಗೆ ಎಳೆಯುವುದು ದರ್ಶನದ ಆಸೆ, ಹೊರಗೆ ತಳ್ಳುವುದು ನೂಕಾಟ. ಅಯಾನಿಗೆ ಎಳೆಯುವುದು ಹಾಳೆಯ ಋಣ, ತಳ್ಳುವುದು ಶಾಖದ ಕುಣಿತ. ಈ ದಟ್ಟಣೆ ಎಷ್ಟು ದೂರದವರೆಗೆ ಹೀಗೆ ತೆಳುವಾಗುತ್ತ ಹೋಗುತ್ತದೆ ಎಂಬ ಲೆಕ್ಕವನ್ನು ಫ್ರಾನ್ಸಿನ ಗೂಯಿ 1910ರಲ್ಲಿ, ಇಂಗ್ಲೆಂಡಿನ ಚಾಪ್‌ಮನ್ 1913ರಲ್ಲಿ ಬೇರೆ ಬೇರೆಯಾಗಿಯೇ ಹಾಕಿದರು. ಉಪ್ಪುನೀರಿನಲ್ಲಿ ಅಯಾನುಗಳ ಈ ಮೋಡ ಗಿಡ್ಡ, ಸಿಹಿನೀರಿನಲ್ಲಿ ಉದ್ದ. ಲೀಟರಿಗೆ ಆರು ಗ್ರಾಂ ಅಡುಗೆ ಉಪ್ಪು ಇದ್ದರೆ ಒಂದು ನ್ಯಾನೊಮೀಟರ್. ಅದರ ನೂರನೇ ಪಾಲು ಉಪ್ಪಿದ್ದರೆ ಹತ್ತು. ಇನ್ನು ಕ್ಲೋರೈಡ್, ನೈಟ್ರೇಟಿನಂಥ ಋಣ ಅಯಾನುಗಳನ್ನು ಹಾಳೆ ಹತ್ತಿರ ಸೇರಿಸುವುದಿಲ್ಲ. ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಂ ಆಗಿರುವಷ್ಟು ದಿನ ಮಣ್ಣಿನ ಹಿಡಿತದಲ್ಲಿರುತ್ತದೆ. ನೈಟ್ರೇಟ್ ಆದಮೇಲೆ ನೀರಿನ ಹಿಂದೆ ಬಾವಿಯ ದಾರಿ ಹಿಡಿಯುತ್ತದೆ.

ಎರಡು ಹಾಳೆಗಳ ಸಂದು ಇನ್ನೂ ಇಕ್ಕಟ್ಟು. ಇಲ್ಲಿಗೆ ಅಯಾನು ಬರಿಗೈಯಲ್ಲಿ ಬರುವುದಿಲ್ಲ. ಯಾತ್ರೆಗೆ ಹೊರಟವರಂತೆ ಸುತ್ತ ನೀರಿನ ಗಂಟು ಕಟ್ಟಿಕೊಂಡೇ ಬರುತ್ತದೆ. ಒಣಗಿದಾಗ ಹಾಳೆಯಿಂದ ಹಾಳೆಗೆ, ಹಾಳೆಯ ದಪ್ಪವೂ ಸೇರಿ, ಒಂದು ನ್ಯಾನೊಮೀಟರಿಗಿಂತ ತುಸು ಕಡಿಮೆ ಇದ್ದ ಅಂತರ, ಒಂದು ಪದರ ನೀರು ಹೊಕ್ಕರೆ 1.25, ಎರಡು ಪದರಕ್ಕೆ 1.5. ನೀರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹುಡುಗನ ಎತ್ತು ಒಣಗುವಾಗ ಆದದ್ದು ಇದರ ತಿರುಗುಮುರುಗು: ಹೊರಮೈಯ ಹಾಳೆಗಳು ಮೊದಲು ಕುಗ್ಗಿದವು, ಒಳಗಿನವು ಇನ್ನೂ ಉಬ್ಬಿದ್ದವು, ನಡುವೆ ಹರಿಯಿತು. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕದ ಪೊರೆಯೂ ಇದೇ ಇಕ್ಕಟ್ಟಿನ ವ್ಯಾಪಾರಿ. ಅದರ ಸಂದು ಒಂದು ನ್ಯಾನೊಮೀಟರಿಗೂ ಕಡಿಮೆ. ನೀರಿನ ಗಂಟು ಬಿಚ್ಚಿಡಲಾರದ ಅಯಾನುಗಳು ಈಚೆಗೇ ಉಳಿಯುತ್ತವೆ, ನೀರು ಒತ್ತಡಕ್ಕೆ ಆಚೆ ಹೋಗಿ ಕ್ಯಾನಿಗೆ ಬೀಳುತ್ತದೆ.

ಆದರೆ ಯಾರು ಪಕ್ಕ ಕೂತಿದ್ದಾರೆ ಎಂಬುದರ ಮೇಲೆ ಹೊಲದ ಗುಣವೇ ಬೇರೆ. ಆಯಿ ಆರಿಸಿ ಒಗೆದ ಬಿಳಿ ಹರಳು ಸುಣ್ಣದ್ದು. ಎರಿಹೊಲಕ್ಕೆ ಕ್ಯಾಲ್ಸಿಯಂ ಸಿಗುವುದು ಅಲ್ಲಿಂದ. ಕ್ಯಾಲ್ಸಿಯಂ ನಡುವೆ ಇದ್ದರೆ ಹಾಳೆಗಳು 1.9 ನ್ಯಾನೊಮೀಟರಿನವರೆಗೆ ಸರಿದು ನಿಲ್ಲುತ್ತವೆ. ಗೂಯಿ–ಚಾಪ್‌ಮನ್ ಲೆಕ್ಕದ ಪ್ರಕಾರ ನಿಲ್ಲಬಾರದು. ಋಣವೂ ಋಣವೂ ದೂರ ತಳ್ಳುತ್ತಲೇ ಇರಬೇಕು. 1984ರಲ್ಲಿ ಸ್ವೀಡನ್ನಿನ ನಾಲ್ವರು ಕಂಪ್ಯೂಟರಿನಲ್ಲಿ ಅಯಾನುಗಳನ್ನು ಒಂದೊಂದಾಗಿ ಕೂರಿಸಿ ನೋಡಿದಾಗ ಗಂಟು ಬಿಚ್ಚಿತು: ಎರಡು ವಿದ್ಯುದಂಶದ ಅಯಾನುಗಳು ಒಂದನ್ನೊಂದು ನೋಡಿಕೊಂಡು ಸರಿದಾಡುತ್ತವೆ, ಆ ಹೊಂದಾಣಿಕೆಯೇ ಹಾಳೆಗಳನ್ನು ಹತ್ತಿರ ಎಳೆಯುತ್ತದೆ. ಒಂಟಿ ವಿದ್ಯುದಂಶದ ಸೋಡಿಯಂಗೆ ಆ ಶಕ್ತಿಯಿಲ್ಲ. ಸಿಹಿನೀರು ಸಿಕ್ಕರೆ ಹಾಳೆಗಳು ಸರಿಯುತ್ತ, ಸರಿಯುತ್ತ, ಕೊನೆಗೆ ಬಿಡಿಬಿಡಿಯಾಗಿ ತೇಲುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು ಜಿ. ವೆಂಕಟಪ್ಪ ರಾವ್ ಜೊತೆ 1973ರಲ್ಲಿ, ಎಂ.ಎಸ್. ಜಯದೇವ ಜೊತೆ 1982ರಲ್ಲಿ ಪ್ರಕಟಿಸಿದ ಪ್ರಬಂಧಗಳು ಜೇಡಿಯ ಈ ಹಿಗ್ಗು-ಕುಗ್ಗನ್ನೇ ಬೆನ್ನಟ್ಟಿದವು. ನೀರಿನ ಬದಲು ಬೇರೆ ದ್ರವ ಹಾಕಿದರೆ ಅದೇ ಜೇಡಿ ಬೇರೆಯೇ ಮಣ್ಣಿನಂತೆ ವರ್ತಿಸುತ್ತದೆ.

ನೀರು ಹೆಚ್ಚು ಕುಡಿದು, ಬಸಿಯದೆ, ಬಿಸಿಲಿಗೆ ಆರಿ ಸೋಡಿಯಂ ಉಳಿದುಕೊಂಡ ನೆಲವನ್ನು ನಮ್ಮಲ್ಲಿ ಕರ್ಲು ಎನ್ನುತ್ತಾರೆ. ಅಲ್ಲಿ ಮಳೆ ಬಿದ್ದರೆ ಬಿಡಿಯಾದ ಹಾಳೆಗಳು ಮಣ್ಣಿನ ಕಣ್ಣೆಲ್ಲ ಮುಚ್ಚುತ್ತವೆ, ನೀರು ಮೇಲೆಯೇ ನಿಲ್ಲುತ್ತದೆ, ತೊಗರಿಯ ಬೇರು ಉಸಿರುಗಟ್ಟುತ್ತದೆ. ಮಳೆನೀರು ಎಷ್ಟು ಶುದ್ಧವೋ ಕೇಡು ಅಷ್ಟು ಹೆಚ್ಚು. ಮದ್ದು ಜಿಪ್ಸಂ: ಕ್ಯಾಲ್ಸಿಯಂ ಒಳಬಂದು ಸೋಡಿಯಂ ಏಳಿಸುತ್ತದೆ. ಇಂಥ ಅದಲುಬದಲನ್ನು ಇಂಗ್ಲೆಂಡಿನ ಥಾಮಸ್ ವೇ 1850ರಲ್ಲೇ ತೋರಿಸಿದ್ದ. ಮಣ್ಣಿನ ಮೇಲೆ ಅವನು ಸುರಿದದ್ದು ಅಮೋನಿಯಂ ಉಪ್ಪು, ಕೆಳಗೆ ಬಸಿದು ಬಂದದ್ದು ಕ್ಯಾಲ್ಸಿಯಂ ಉಪ್ಪು.

ಹಳೆಯ ಕಾಲದವರು ಮಾತ್ರ ಕರ್ಲುಮಣ್ಣನ್ನು ಬೈದು ಬಿಡಲಿಲ್ಲ. ಬುಟ್ಟಿ ತುಂಬಿ ಮಾಳಗಿಯ ಮೇಲೆ ಹೊತ್ತರು. ಹೊಲದಲ್ಲಿ ಶನಿಯಾದದ್ದು ಮೇಲ್ಮುದ್ದೆಯಲ್ಲಿ ಕಾವಲುಗಾರ. ಮಳೆಯ ಸಿಹಿನೀರು ತಾಗಿದೊಡನೆ ಹಾಳೆಗಳು ಉಬ್ಬಿ ಸಂದುಗೊಂದು ಮುಚ್ಚಿಬಿಡುತ್ತವೆ. ಕೆಳಗೆ ಮಲಗಿದವರಿಗೆ ಹನಿ ತಾಕುವುದಿಲ್ಲ. ಆರ್‌ಸಿಸಿ ಬಂದಮೇಲೆ ಇಂಥ ಮಾಳಗಿ ಕಡಿಮೆಯಾಗಿವೆ. ಆಯಿಯ ಮನೆಯ ಅಡುಗೆಕೋಣೆಯ ಮೇಲೆ ಒಂದು ಉಳಿದಿದೆ.

ಅಮಾವಾಸ್ಯೆಯ ಪೂಜೆ ಮುಗಿಯಿತು, ಹೋಳಿಗೆ ಖರ್ಚಾದವು. ಮರುದಿನ ಆಯಿ ಎತ್ತುಗಳನ್ನು ಆ ಮಾಳಗಿಯ ಮೇಲೆ ಸಾಲಾಗಿ ಇಡಿಸಿದಳು; ಸೀಳು ಬಿಟ್ಟದ್ದನ್ನೂ ಸೇರಿಸಿ. ರಾತ್ರಿ ಜೋರು ಮಳೆ. ಹುಡುಗ ಬೆಳಗಾಗುವುದನ್ನೇ ಕಾದು ನಿಚ್ಚಣಿಕೆ ಏರಿದ. ಎತ್ತುಗಳು ಕರಗಿ ನಾಲ್ಕು ಕರಿ ಗುಡ್ಡೆಯಾಗಿದ್ದವು, ಅವುಗಳ ಸುತ್ತ ಬೂದುಬಣ್ಣದ ಮೇಲ್ಮುದ್ದೆಯ ಮೇಲೆ ನೀರು ನಿಂತಿತ್ತು. ಕೆಳಗೆ ಆಯಿ ಒಣಗಿದ ಕುಳ್ಳು ಒಲೆಗಿಡುತ್ತಿದ್ದಳು.