ಭಾಷೆ ಒಂದೇ, ಮಾರುಕಟ್ಟೆ ಬೇರೆ

ಅಮೆರಿಕದಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸುವ ದಂಪತಿಗಳಿಗೆ ಭಾಷೆಯ ತೊಡಕಿಲ್ಲ. ಆದರೂ ಸಂಸಾರ ಹೂಡಿದ ಮೊದಲ ದಿನದಿಂದಲೇ ವ್ಯತ್ಯಾಸಗಳು ಎದುರಾಗುತ್ತವೆ. ಅವರು ತವರಿನಿಂದ ಕೊಂಡೊಯ್ದ ಮಿಕ್ಸರ್ 120 ವೋಲ್ಟಿನದು. ಇಂಗ್ಲೆಂಡಿನ ವಿದ್ಯುತ್ತು 230 ವೋಲ್ಟಿನದು. ನೇರವಾಗಿ ಜೋಡಿಸಿದರೆ ಯಂತ್ರ ಸುಟ್ಟುಹೋದೀತು.

ಅಂಗಡಿಯಲ್ಲಿ ಬೆಲೆಚೀಟಿಯಲ್ಲಿರುವಷ್ಟೇ ಹಣ ಕೊಟ್ಟರೆ ಸಾಕು. ವ್ಯಾಟ್ ಅದರಲ್ಲೇ ಸೇರಿರುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕೂಡಿಸುವುದು ರೂಢಿ. ಪೈಂಟ್ ಎಂಬ ಅಳತೆಯ ಹೆಸರು ಎರಡೂ ಕಡೆ ಒಂದೇ. ಆದರೆ ಅಮೆರಿಕದಲ್ಲಿ ಅದು 473 ಮಿಲಿಲೀಟರ್, ಇಂಗ್ಲೆಂಡಿನಲ್ಲಿ 568. ಪತ್ನಿಯ ಉಡುಪಿನ 8ನೇ ಅಳತೆ ಅಲ್ಲಿ ಸುಮಾರು 12 ಆಗುತ್ತದೆ. ಪತಿ ‘ಪ್ಯಾಂಟ್ಸ್’ ಕೇಳಿದರೆ ಒಳಉಡುಪು ತೋರಿಸಿಯಾರು. ‘ಟ್ರೌಸರ್ಸ್’ ಎಂದೇ ಕೇಳಬೇಕು.

ನಮ್ಮ ರಾಜ್ಯದ ಸಿದ್ಧ ಉಡುಪುಗಳು ಈ ಎರಡೂ ದೇಶಗಳಿಗೆ ರಫ್ತಾಗುತ್ತವೆ. ಅಳತೆಚೀಟಿ ಅದಲುಬದಲಾದರೆ ಇಡೀ ಸರಕು ತಿರಸ್ಕೃತವಾಗಿ ತಯಾರಕರು ನಷ್ಟ ಹೊರಬೇಕಾದೀತು. ವಿದ್ಯುತ್ ಉಪಕರಣಗಳಲ್ಲಿಯೂ ಹೀಗೆಯೇ. ಇಂಗ್ಲೆಂಡಿನ ವೋಲ್ಟೇಜು ನಮ್ಮದರಂತೆಯೇ 230. ಆದರೆ ನಮ್ಮ ದುಂಡು ಪಿನ್ನಿನ ಪ್ಲಗ್ಗು ಅಲ್ಲಿ ನಡೆಯದು. ಚಪ್ಪಟೆಯಾದ ಮೂರು ಪಿನ್ನುಗಳಿರುವ, ಒಳಗೆ ಫ್ಯೂಸ್ ಅಳವಡಿಸಿದ ಪ್ಲಗ್ಗನ್ನು ಜೋಡಿಸಿಯೇ ಗೃಹೋಪಯೋಗಿ ಉಪಕರಣಗಳನ್ನು ಮಾರಬೇಕೆಂಬುದು ಅಲ್ಲಿನ ನಿಯಮ.

ಎರಡು ದೇಶಗಳ ಭಾಷೆ ಒಂದೇ ಎಂದ ಮಾತ್ರಕ್ಕೆ ಮಾರುಕಟ್ಟೆಯೂ ಒಂದೇ ಎಂದು ಭಾವಿಸಲಾಗದು. ಆದೇಶ ಸ್ವೀಕರಿಸುವ ಮುನ್ನ ಅಳತೆ, ಪ್ಲಗ್ಗು, ಸರಕಿನ ಹೆಸರು ಈ ಮೂರನ್ನೂ ಖರೀದಿದಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಲೇಸು.