ಗಾಜಿನ ಕಡಲೂ ನಮ್ಮ ಹೊಳೆಯೂ

ಘಟ್ಟದ ಬುಡದಲ್ಲಿ ಬಾಳುವವರಿಗೆ ಕಡಲೆಂಬುದು ಕೇಳಿ ತಿಳಿದ ವಸ್ತು. ಕಂಡು ತಿಳಿದುದು ಕಡಮೆ. ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆಯನ್ನೇ ತೆಗೆದುಕೊಳ್ಳಿ. ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೊರಟ ಹೆದ್ದಾರಿಯ ಮಗ್ಗುಲಿನ ಈ ಪೇಟೆಯಿಂದ ಮಂಗಳೂರಿನ ಕಡಲ ತಡಿಗೆ ಸುಮಾರು 80 ಕಿಲೋಮೀಟರುಗಳ ದಾರಿ. ಬೆಳಗಾದರೆ ಕಣ್ಣಿಗೆ ಬೀಳುವುದು ಅಡಕೆಯ ತೋಟ, ರಬ್ಬರಿನ ಮರ, ಅವುಗಳ ಮೇಲೆ ಮೋಡ ಹೊದ್ದ ಘಟ್ಟದ ಸಾಲು. ಆದರೂ ಕಡಲು ದಿನವೂ ಬಾಗಿಲಿಗೆ ಬರುತ್ತದೆ. ಮೀನು ಮಾರುವವನ ಹಾರ್ನು ಕೇಳಿದೊಡನೆ ಬೂತಾಯಿ ಬಂಗುಡೆಗಳು ಅಂಗಳಕ್ಕೆ ಇಳಿಯುತ್ತವೆ. ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು ಅಟ್ಟದಿಂದ ಇಳಿಯುತ್ತದೆ. ವೀಳ್ಯದೆಲೆಗೆ ಸವರುವ ಸುಣ್ಣವು ಅಳಿವೆಯಂಚಿನ ಚಿಪ್ಪನ್ನು ಸುಟ್ಟು ಮಾಡಿದ್ದು. ಹೀಗೆ ಕಡಲಿನ ಋಣದಲ್ಲಿಯೇ ಇದ್ದು ಕಡಲಿನ ಮುಖವನ್ನು ವರ್ಷಕ್ಕೊಮ್ಮೆಯೂ ನೋಡದೆ ಇರುವ ಬಳಗ ನಮ್ಮದು.

ಇನ್ನೊಂದು ಸೋಜಿಗವೆಂದರೆ, ಕಡಲನ್ನು ಹೀಗೆ ನೋಡದ ನಮ್ಮವರಲ್ಲಿ ಕಡಲನ್ನು ದಾಟಿದವರು ಬಹಳ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಎಷ್ಟೋ ಮನೆಗಳಿಂದ ಒಬ್ಬರಾದರೂ ಕೊಲ್ಲಿಯ ನಾಡುಗಳಿಗೆ ದುಡಿಮೆಗೆ ಹೋಗಿದ್ದಾರೆ. ಕಳೆದ ರಜೆಯಲ್ಲಿ ನಾನು ಅಬುಧಾಬಿಯಲ್ಲಿರುವ ತಂಗಿಯ ಮನೆಯಲ್ಲಿ ಕೆಲವು ದಿನ ತಂಗಿದ್ದೆ. ಹಗಲಿಡೀ ಮನೆಯವರೆಲ್ಲ ಅವರವರ ಕೆಲಸಕ್ಕೆ, ಶಾಲೆಗೆ. ಒಂದು ದಿನವನ್ನು ಒಬ್ಬನೇ ಕಳೆಯುವುದೆಂದು ನಿಶ್ಚಯಿಸಿ, ನಗರದಿಂದ ಅರ್ಧ ಗಂಟೆಯ ದಾರಿಯ ಯಾಸ್ ದ್ವೀಪದಲ್ಲಿರುವ ಸೀವರ್ಲ್ಡ್ ಎಂಬ ಕಡಲ ವಿಹಾರಧಾಮಕ್ಕೆ ಹೊರಟೆ. ಕಾರಿನಲ್ಲಿ ಬಿಟ್ಟು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಕಕ್ಕಿಂಜೆಯ ಕಡೆಯವನೇ. “ನೀವೊಬ್ಬರೇ ಹೋಗ್ತೀರಾ ಸರ್? ಬೇಜಾರಾಗುದಿಲ್ವಾ?” ಎಂದು ಕೇಳಿದ. ನೀನೂ ಬಾ ಎಂದೆ. “ನಂಗೆ ಡ್ಯೂಟಿ ಉಂಟು ಸರ್. ಇಲ್ಲಿಗೆ ಬಂದು ಮೂರು ವರ್ಷ ಆಯ್ತು, ಒಳಗೆ ಹೋಗ್ಲಿಲ್ಲ. ಕಡಲು ನೋಡ್ಲಿಕ್ಕೆ ಟಿಕೇಟು ಯಾಕೆ ಸರ್?” ಎಂದು ನಕ್ಕ. ಆ ಪ್ರಶ್ನೆಯನ್ನು ಜೊತೆಗೆ ಕಟ್ಟಿಕೊಂಡೇ ನಾನು ಒಳಹೊಕ್ಕೆನೆನ್ನಬೇಕು.

ಈ ಧಾಮವು ಬಾಗಿಲು ತೆರೆದುದು 2023ರ ಮೇ 23ರಂದು. ಹರಹು ಸುಮಾರು 1,83,000 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 45 ಎಕರೆ ತೋಟದಷ್ಟು. ಬಹುಪಾಲು ಮಾಡಿನ ಕೆಳಗೇ ಇದೆ. ಹೊರಗೆ ಮರಳುಗಾಡಿನ ಬಿಸಿಲು ಸುಡುತ್ತಿರುವಾಗ ಒಳಗೊಂದು ಕೋಣೆಯಲ್ಲಿ ಪೆಂಗ್ವಿನ್ನುಗಳು ಹಿಮದ ಮೇಲೆ ತೂರಾಡುತ್ತ ನಡೆಯುತ್ತವೆ. ಮತ್ತೊಂದರಲ್ಲಿ ಉತ್ತರ ಧ್ರುವದ ವಾಲ್‌ರಸ್ ತನ್ನ ಕೋರೆಹಲ್ಲುಗಳನ್ನು ಕಲ್ಲಿಗೆ ಆನಿಸಿಕೊಂಡು ನಿದ್ರಿಸುತ್ತದೆ. ನಡುವಣ ವಿಶಾಲವಾದ ಹಜಾರಕ್ಕೆ ‘ಒಂದೇ ಸಾಗರ’ ಎಂಬರ್ಥದ ಹೆಸರಿಟ್ಟಿದ್ದಾರೆ. ಅದರ ಸುತ್ತ ಉಷ್ಣವಲಯದ ಕಡಲು, ಬಂಡೆಗಳ ತೀರ, ಧ್ರುವಗಳ ಕಡಲು, ಸ್ಥಳೀಯ ಕೊಲ್ಲಿ ಎಂದು ಬೇರೆಬೇರೆ ಲೋಕಗಳನ್ನು ಹಂಚಿಟ್ಟಿದ್ದಾರೆ. ರಭಸದ ಉಯ್ಯಾಲೆಗಾಡಿಗಳೂ ತಿಂಡಿಯ ಅಂಗಡಿಗಳೂ ಧಾರಾಳವಾಗಿವೆ. ಇವೆಲ್ಲ ಲೋಕದ ಇತರ ವಿಹಾರಧಾಮಗಳಲ್ಲಿಯೂ ಇರತಕ್ಕವು, ವಿಸ್ತರಿಸಬೇಕಾದುದಿಲ್ಲ.

ವಿಸ್ತರಿಸಬೇಕಾದುದು ಅಲ್ಲಿಯ ದೊಡ್ಡ ಕೊಳವನ್ನು. ಎರಡೂವರೆ ಕೋಟಿ ಲೀಟರು ನೀರು. ಅದಕ್ಕೆ 20 ಮೀಟರು ಎತ್ತರದ ಪಾರದರ್ಶಕವಾದ ಭಿತ್ತಿ. ಗಾಜೆಂದು ನಾವು ಹೇಳುತ್ತೇವಾದರೂ ಇಂತಹ ಕೊಳಗಳಿಗೆ ಬಳಸುವುದು ಅಕ್ರಿಲಿಕ್ ಎಂಬ ಗಟ್ಟಿ ಪದಾರ್ಥ. ಅದರಾಚೆ ಸುತ್ತಿಗೆತಲೆಯ ಶಾರ್ಕುಗಳು, ಬಟ್ಟೆ ಹಾರಿಬಿಟ್ಟಂತೆ ತೇಲುವ ತೊರಕೆಗಳು, ಯಾವ ಅವಸರವೂ ಇಲ್ಲದ ಆಮೆಗಳು. ಒಬ್ಬನೇ ಹೋಗುವುದರಲ್ಲಿನ ಸೌಕರ್ಯ ನನಗೆ ತಿಳಿದುದು ಇಲ್ಲಿ. ಕುಟುಂಬಗಳು ಬರುತ್ತಿದ್ದುವು, ಬೆನ್ನು ತಿರುಗಿಸಿ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದುವು, ಮುಂದಿನ ಆಟದ ಹೊತ್ತು ಮೀರೀತೆಂದು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದುವು. ನನ್ನನ್ನು ಎಳೆಯುವವರಿರಲಿಲ್ಲ. ಒಂದು ಗಂಟೆಯ ಮೇಲೆ ಅಲ್ಲಿಯೇ ಕುಳಿತೆ. ಮೊದಲ ಕಾಲು ಗಂಟೆ ಕಂಡುದು ಬಣ್ಣ. ಆಮೇಲೆ ಕಂಡುದು ನಡತೆ. ಸಣ್ಣ ಮೀನುಗಳ ಹಿಂಡು ಶಾರ್ಕನ್ನು ಕಂಡು ಚೆದರುವುದಿಲ್ಲ. ದಾರಿ ಬಿಟ್ಟು ಮತ್ತೆ ಕೂಡಿಕೊಳ್ಳುತ್ತದೆ. ತೊರಕೆಯು ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ. ನಾಲ್ಕನೆಯ ಸಲ ಅದು ನನ್ನೆದುರು ಹಾಯ್ದಾಗ, ಅದರ ಕಡಲಿಗೂ ಒಂದು ಗೋಡೆಯಿದೆಯೆಂಬುದು ಮನಸ್ಸಿಗೆ ತಾಗಿತು.

ಕಡಲನ್ನು ಕೊಳದಲ್ಲಿರಿಸಿ ತೋರುವ ಈ ಕಲೆಯ ಇತಿಹಾಸ ನಿರ್ದೋಷವಾದುದೇನೂ ಅಲ್ಲ. ಅಮೆರಿಕದ ಸಾನ್ ಡಿಯಾಗೋ ನಗರದಲ್ಲಿ ಸೀವರ್ಲ್ಡ್ ಮೊದಲು ಆರಂಭವಾದುದು 1964ರಲ್ಲಿ. ಓರ್ಕಾ ಎಂಬ ಮಹಾಕಾಯದ ಪ್ರಾಣಿಯನ್ನು ಕುಣಿಸುವುದೇ ಅದರ ಕೀರ್ತಿಗೆ ಆಧಾರವಾಗಿತ್ತು. 2010ರಲ್ಲಿ ಫ್ಲಾರಿಡಾದ ಅದೇ ಸಂಸ್ಥೆಯ ಧಾಮದಲ್ಲಿ ಒಂದು ಓರ್ಕಾ ತನ್ನ ಶಿಕ್ಷಕಿಯನ್ನೇ ಕೊಂದಿತು. 2013ರಲ್ಲಿ ಬಂದ ‘ಬ್ಲ್ಯಾಕ್‌ಫಿಷ್’ ಎಂಬ ಸಾಕ್ಷ್ಯಚಿತ್ರ ಸೆರೆಯ ಬದುಕನ್ನು ಜನರ ಮುಂದಿರಿಸಿತು. ಓರ್ಕಾಗಳ ಸಂತಾನವನ್ನು ಇನ್ನು ಬೆಳೆಸುವುದಿಲ್ಲವೆಂದು 2016ರಲ್ಲಿ ಸಂಸ್ಥೆ ಸಾರಬೇಕಾಯಿತು. ಅಬುಧಾಬಿಯ ಧಾಮದಲ್ಲಿ ಓರ್ಕಾ ಒಂದೂ ಇಲ್ಲ. ಈಗ ಆ ಹೆಸರಿನ ಧಾಮಗಳಲ್ಲಿ ಓರ್ಕಾ ಇಲ್ಲದುದು ಇದು. ಡಾಲ್ಫಿನ್ನುಗಳು ಮಾತ್ರ ಇವೆ, ಅವುಗಳ ಪ್ರದರ್ಶನವೂ ಇದೆ. ನಮ್ಮ ದೇಶ ಈ ವಿಷಯದಲ್ಲಿ ಮುಂದೆ ಹೋಗಿದೆಯೆಂದು ಹೆಮ್ಮೆಪಡಬಹುದು. ಡಾಲ್ಫಿನ್ನುಗಳನ್ನು ಕೂಡಿಹಾಕಿ ಆಡಿಸುವ ಧಾಮಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಸರಕಾರ 2013ರ ಮೇ ತಿಂಗಳಲ್ಲಿಯೇ ರಾಜ್ಯಗಳಿಗೆ ತಿಳಿಸಿತು. ಅಲ್ಲಿ ಡಾಲ್ಫಿನ್ನು ನೆಗೆದಾಗ ಮಕ್ಕಳೆಲ್ಲ ಕೇಕೆ ಹಾಕಿದುವು. ನನಗೂ ಕಣ್ಣು ಕೀಳಲಾಗಲಿಲ್ಲ. ಸಂತೋಷವಾದುದು ನಿಜ, ಅದು ಪರರ ಸೆರೆಯಿಂದ ಪಡೆದ ಸಂತೋಷವೆಂಬುದೂ ಅಷ್ಟೇ ನಿಜ.

ಸಾಹಿತ್ಯದ ವಿದ್ಯಾರ್ಥಿಗಳು ನೋಡಲೇಬೇಕಾದುದು ಸ್ಥಳೀಯ ಕೊಲ್ಲಿಗೆ ಮೀಸಲಾದ ಭಾಗ. ಅಲ್ಲಿ ಹಳೆಯ ಕಾಲದ ಹಾಯಿಹಡಗು, ಪೇಟೆಬೀದಿ, ಮುತ್ತು ತೆಗೆಯುವ ಮುಳುಗುಗಾರರ ಕಥನ ಇವೆ. ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಒಂದೇ ಉಸಿರಿನಲ್ಲಿ ತಳಕ್ಕಿಳಿದು ಚಿಪ್ಪುಗಳನ್ನು ಬುಟ್ಟಿಗೆ ತುಂಬುವ ಕೆಲಸ. ಹೀಗೆ ತೆಗೆದ ಮುತ್ತುಗಳಿಗೆ ಮುಂಬಯಿಯೇ ದೊಡ್ಡ ಮಾರುಕಟ್ಟೆಯಾಗಿತ್ತು. ಜಪಾನಿನ ಮಿಕಿಮೋಟೋ 1893ರಲ್ಲಿ ಚಿಪ್ಪಿನೊಳಗೆ ಮುತ್ತನ್ನು ಬೆಳೆಸುವ ಪ್ರಯೋಗದಲ್ಲಿ ಗೆದ್ದ ಮೇಲೆ, 1930ರ ದಶಕದ ಹೊತ್ತಿಗೆ ಕೊಲ್ಲಿಯ ಮುತ್ತಿನ ವ್ಯಾಪಾರ ಮುರಿದುಬಿತ್ತು. ಅಬುಧಾಬಿಯ ಎಣ್ಣೆ ಮೊದಲ ಬಾರಿಗೆ ಹೊರನಾಡಿಗೆ ಹೋದುದು 1962ರಲ್ಲಿ. ಒಂದು ಕಾಲಕ್ಕೆ ಅವರ ಮುತ್ತು ನಮ್ಮ ಪೇಟೆಗೆ ಬರುತ್ತಿತ್ತು. ಈಗ ನಮ್ಮ ಮಕ್ಕಳು ಅವರ ಪೇಟೆಗೆ ಹೋಗುತ್ತಾರೆ.

ಮುತ್ತಿನ ವಿಚಾರದಲ್ಲಿ ನಮ್ಮ ಕವಿಗಳಿಗೊಂದು ಕವಿಸಮಯವುಂಟು: ಸ್ವಾತಿಯ ಮಳೆಹನಿ ಬಾಯ್ದೆರೆದ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುವುದು. ಪಾರಸಿ ಕವಿ ಸಾದಿ 13ನೆಯ ಶತಮಾನದಲ್ಲಿ ಬರೆದ ‘ಬೂಸ್ತಾನ್’ ಕೃತಿಯಲ್ಲಿಯೂ ಮಳೆಹನಿಯೊಂದು ಕಡಲಿನ ಮುಂದೆ ತಾನು ಅಲ್ಪವೆಂದು ನಾಚಿ, ಚಿಪ್ಪಿನ ಮಡಿಲಿಗೆ ಬಿದ್ದು ರಾಜಯೋಗ್ಯವಾದ ಮುತ್ತಾದ ಕಥೆಯಿದೆ. ಕಡಲಿನ ಎರಡು ದಡಗಳವರೂ ಒಂದೇ ಕನಸನ್ನು ಕಂಡರಲ್ಲವೆ! ವಿಜ್ಞಾನ ಈ ಮಾತನ್ನು ಒಪ್ಪುವುದಿಲ್ಲ. ಚಿಪ್ಪಿನೊಳಗೆ ನುಗ್ಗಿದ ಪರಕೀಯ ವಸ್ತುವಿನ ಸುತ್ತ ಆ ಜೀವಿ ತನ್ನ ಹೊಳಪಿನ ಪದರವನ್ನು ಮೇಲಿಂದ ಮೇಲೆ ಹೊದಿಸುವುದರಿಂದ ಮುತ್ತು ಹುಟ್ಟುತ್ತದೆ. ಆದರೆ ಕವಿಸಮಯದ ಒಳಗಣ ಭಾವವನ್ನು ನೋಡಿ: ಸಿಹಿನೀರಿನ ಹನಿ ಕಡಲಿಗೆ ಬಿದ್ದರೆ ಹಾಳಾಗುವುದಿಲ್ಲ, ಬೆಲೆಯುಳ್ಳದ್ದಾಗುತ್ತದೆ.

ಈ ಭಾವವನ್ನು ಅಬುಧಾಬಿಯಲ್ಲಿ ನಿಂತು ನೆನೆಯುವುದಕ್ಕೆ ಒಂದು ವಿಶೇಷವಿದೆ. ಆ ನಾಡಿನಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಅಲ್ಲಿಯ ಕೊಲ್ಲಿ ಸರಾಸರಿ 35 ಮೀಟರು ಆಳದ ಕಡಲು. ಬಿಸಿಲಿಗೆ ಆರುವ ನೀರು ಬಹಳ, ಬಂದು ಸೇರುವ ಸಿಹಿನೀರು ಅಲ್ಪ. ಮಹಾಸಾಗರದ ಒಂದು ಲೀಟರು ನೀರಿನಲ್ಲಿ 35 ಗ್ರಾಮಿನಷ್ಟು ಉಪ್ಪಿದ್ದರೆ ಕೊಲ್ಲಿಯಲ್ಲಿ ಅದು 40ಕ್ಕೆ ಏರುತ್ತದೆ. ಕುಡಿಯುವ ನೀರನ್ನು ಆ ಕಡಲನ್ನೇ ಸೋಸಿ ತೆಗೆಯಬೇಕು. ತವೀಲಾ ಎಂಬಲ್ಲಿಯ ಒಂದು ಸ್ಥಾವರವೇ ದಿನಕ್ಕೆ 90 ಕೋಟಿ ಲೀಟರಿನಷ್ಟು ನೀರಿನಿಂದ ಉಪ್ಪನ್ನು ಬೇರ್ಪಡಿಸಬಲ್ಲುದು. ಉಳಿದ ಕಡು ಉಪ್ಪುನೀರು ಮರಳಿ ಕಡಲಿಗೇ ಹೋಗುತ್ತದೆ. ಅಲ್ಲಿಯ ಒಂದು ಲೋಟ ನೀರಿನ ಹಿಂದೆ ಒಂದು ಕಾರ್ಖಾನೆಯೇ ಇದೆ.

ನಮ್ಮಲ್ಲಿಯಾದರೋ? ಚಾರ್ಮಾಡಿಯ ಇಳಿಜಾರಿನಲ್ಲಿ ಹುಟ್ಟಿದ ಮೃತ್ಯುಂಜಯಾ ಹೊಳೆ ಯಾರ ಖರ್ಚೂ ಇಲ್ಲದೆ ಇಳಿದು ಬಂದು ನೇತ್ರಾವತಿಯನ್ನು ಸೇರುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾಯ್ದು, ನೇತ್ರಾವತಿ ಉಳ್ಳಾಲದ ಬಳಿ ಕಡಲಿಗಿಳಿಯುತ್ತದೆ. ಇದನ್ನು ಕುರಿತು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಬಹುಕಾಲದಿಂದ ಕೇಳಿಬರುವ ಮಾತೊಂದಿದೆ: ಇಷ್ಟು ನೀರು ವ್ಯರ್ಥವಾಗಿ ಸಮುದ್ರದ ಪಾಲಾಗುತ್ತಿದೆ. ಸಕಲೇಶಪುರದ ಕಡೆಯ ಮೇಲ್ಹೊಳೆಗಳಿಂದ 24.01 ಟಿ.ಎಂ.ಸಿ. ನೀರನ್ನು ಮಳೆಗಾಲದಲ್ಲಿ ಎತ್ತಿ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬವಣೆಯನ್ನು ಬಲ್ಲವರು ಆ ಸೀಮೆಯ ಬೇಡಿಕೆಯನ್ನು ಹಗುರವಾಗಿ ಕಾಣಲಾರರು. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡು ಬೆರೆತ ಊರುಗಳವು. ಬಾಯಾರಿದವನಿಗೆ ನೀರು ಕೊಡುವುದು ಧರ್ಮ. ನನ್ನ ತಕರಾರಿರುವುದು ‘ವ್ಯರ್ಥ’ ಎಂಬ ಒಂದು ಪದದ ಬಗೆಗೆ. ಕೊಡುವವನಿಗೆ ತಾನು ಏನನ್ನು ಕೊಡುತ್ತಿದ್ದೇನೆಂಬ ಅರಿವಾದರೂ ಇರಬೇಡವೆ?

ಹೊಳೆ ಕಡಲಿಗೆ ಒಯ್ಯುವುದು ನೀರನ್ನಷ್ಟೇ ಅಲ್ಲ. ಕಾಡಿನ ಎಲೆ ಕೊಳೆತ ಸಾರವನ್ನು, ಮಣ್ಣನ್ನು, ಮರಳನ್ನು ಅದು ಹೊತ್ತೊಯ್ಯುತ್ತದೆ. ಆ ಹೊರೆಯ ಭಾರ ಎಷ್ಟೆಂಬುದನ್ನು ಚಾರ್ಮಾಡಿಯ ಕಡೆಯವರು 2019ರ ಆಗಸ್ಟಿನ ನೆರೆಯಲ್ಲಿ ಕಂಡಿದ್ದಾರೆ. ಮೃತ್ಯುಂಜಯಾ ಉಕ್ಕಿ ತೋಟಗಳಲ್ಲಿ ಮರಳನ್ನು ಹಾಸಿಹೋಯಿತು. ಕಡಲತಡಿಯ ಮರಳಿಗೆ ಹೊಳೆಯೇ ಮೂಲಧನ. ಸಿಹಿಯೂ ಉಪ್ಪೂ ಬೆರೆಯುವ ಅಳಿವೆಯಲ್ಲಿ ಸಿಗಡಿಯ ಮರಿಗಳು ಬೆಳೆದು ಕಡಲಿಗೆ ಮರಳುತ್ತವೆ, ಮರುವಾಯಿ ಬಲಿಯುತ್ತದೆ. ಘಟ್ಟದ ಹೊಳೆಯ ಗುಂಡಿಗಳಲ್ಲಿ ವರ್ಷಾನುವರ್ಷ ಬಾಳುವ ಹಾವುಮೀನು ಮೊಟ್ಟೆಯಿಡುವುದಕ್ಕೆ ಕಡಲಿಗೇ ಇಳಿಯಬೇಕು. ಅದರ ಮರಿಗಳು ಹೊಳೆಯನ್ನೇರಿ ಮೇಲೆ ಬರಬೇಕು. ನಮ್ಮ ಊರಿನ ನೀರಿಗೂ ಮಹಾಸಾಗರಕ್ಕೂ ನಡುವೆ ಗೋಡೆಯಿಲ್ಲವೆಂಬುದಕ್ಕೆ ಆ ಮೀನಿಗಿಂತ ದೊಡ್ಡ ಸಾಕ್ಷಿ ಬೇಕೆ?

ಕಡಲು ಇದನ್ನೆಲ್ಲ ತಾನೇ ಇಟ್ಟುಕೊಳ್ಳುವುದೂ ಇಲ್ಲ. ಮೋಡವಾಗಿ ಹಿಂದಿರುಗಿಸುವ ಮಾತು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಒಂದು ದಾರಿಯನ್ನು ಅಡಕೆ ಬೆಳೆಗಾರರು ಬಲ್ಲರು. ಮಳೆಗಾಲದ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಆ ಸುಣ್ಣಕ್ಕೆ ನಮ್ಮ ಜಿಲ್ಲೆಯಲ್ಲಿ ರೂಢಿಯಾಗಿ ಬಂದುದು ಚಿಪ್ಪಿನ ಸುಣ್ಣ. ಹೊಳೆ ಕೆಳಗೆ ಒಯ್ದ ಸಾರವನ್ನುಂಡು ಬಲಿತ ಚಿಪ್ಪು ಸುಣ್ಣವಾಗಿ ಘಟ್ಟದ ಬುಡಕ್ಕೆ ಮರಳಿ, ಅಡಕೆಯ ಗೊನೆಯನ್ನು ಕಾಯುತ್ತದೆ. ಕೊನೆಗೆ ಅದೇ ಅಡಕೆಯೊಡನೆ ವೀಳ್ಯದೆಲೆಯ ಮೇಲೆ ಕೂಡುತ್ತದೆ.

ಕಡಲು ನೋಡುವುದಕ್ಕೆ ಟಿಕೇಟು ಏಕೆಂಬ ಪ್ರಶ್ನೆಗೆ ನನಗೆ ತೋಚಿದ ಉತ್ತರವಿಷ್ಟು. ತೆರೆಯ ಕೆಳಗಿರುವುದನ್ನು ತೀರದಲ್ಲಿ ನಿಂತವನು ಕಾಣಲಾರ. ಗಾಜಿನ ಕಡಲು ಅದನ್ನು ತೋರುತ್ತದೆ, ಆ ಮಟ್ಟಿಗೆ ಅದಕ್ಕೆ ಕೊಟ್ಟ ಹಣ ದಂಡವಲ್ಲ. ಆದರೆ ಅದರಲ್ಲಿ ಹೊಳೆಯಿಲ್ಲ. ನಳಿಗೆಯಿಂದ ನೀರು ಬರುತ್ತದೆ, ಯಂತ್ರ ಅದನ್ನು ತೊಳೆಯುತ್ತದೆ, ಹೊತ್ತಿಗೆ ಸರಿಯಾಗಿ ಆಹಾರ ಬೀಳುತ್ತದೆ. ನಿಜವಾದ ಕಡಲಿಗೆ ಆಹಾರ ಹಾಕುವ ಕೈ ನಮ್ಮ ತೋಟಗಳ ಮಗ್ಗುಲಲ್ಲಿಯೇ ಹರಿಯುತ್ತಿದೆ.

ಅದನ್ನು ನೋಡುವುದಕ್ಕೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಿಮಾನ ಬೇಕಿಲ್ಲ. ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಚಾರ್ಮಾಡಿಯ ಬುಡದಲ್ಲಿ ಹೊಳೆಯನ್ನು ಕಂಡು, ಉಪ್ಪಿನಂಗಡಿಯ ಸಂಗಮದಲ್ಲಿ ಇಳಿದು, ಸಂಜೆಗೆ ಉಳ್ಳಾಲವನ್ನು ಮುಟ್ಟಿದರೆ ಒಂದು ದಿನದಲ್ಲಿ ಪಾಠ ಮುಗಿಯುತ್ತದೆ. ನದಿಯು ಕಡಲನ್ನು ಕೂಡುವ ಠಾವಿಗೆ ಕನ್ನಡದಲ್ಲಿ ‘ಅಳಿವೆ’ ಎಂದು ಹೆಸರು; ಮಲಯಾಳದವರೂ ಅಂತಹುದೇ ಪದವನ್ನು ಬಳಸುತ್ತಾರೆ. ಶಬ್ದದ ವ್ಯುತ್ಪತ್ತಿಯೇನೇ ಇರಲಿ, ಕೇಳಿದ ಕಿವಿಗೆ ನದಿ ಅಳಿಯುವ ತಾಣವೆಂದೇ ತೋರುತ್ತದೆ. ಅಲ್ಲಿ ಅಳಿಯುವುದು ಹೊಳೆಯ ಹೆಸರೊಂದೇ.