ಬೈಲುಗದ್ದೆಯೂ ಮೋಟು ರನ್‌ವೇಯೂ

ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಮನೆಯ ಶೆಡ್ಡಿನಲ್ಲೇ ಜೋಡಿಸಿಕೊಳ್ಳುವ ಎರಡು ಸೀಟಿನ ವಿಮಾನ ಕರ್ನಾಟಕಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್ನಿನಲ್ಲೂ ಹಾರಿವೆ. ಕಾಡುಮೇಡಿನಲ್ಲಿ ಇಳಿಯಲೆಂದೇ ಕ್ರಿಸ್ ಹೈಂಟ್ಸ್ ರೂಪಿಸಿದ ಝೆನಿತ್ ಸಿಎಚ್ 701 ಇದೇ ಜಾತಿಯದು. ಅದು 40 ಮೀಟರಿನೊಳಗೆ ನೆಲ ಬಿಡುತ್ತದೆ ಎಂದು ಕೇಳಿದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಕೊಯ್ಲು ಮುಗಿದ ಬೈಲುಗದ್ದೆ ಕಣ್ಣಮುಂದೆ ಬರುವುದು ಸಹಜ. ಹುಣಿ ತೆಗೆದು ಮಟ್ಟ ಮಾಡಿದರೆ ಅಲ್ಲಿ ಇಳಿಯಬಹುದೇನೋ. ಮತ್ತೆ ಏಳುವುದು ಮಾತ್ರ ಬೇರೆಯದೇ ಲೆಕ್ಕ.

ಈ ಮೋಟು ಓಟದ ಕೀರ್ತಿಯನ್ನು ಜನ ಎಂಜಿನ್ನಿಗೆ ಕೊಡುತ್ತಾರೆ. ಸಲ್ಲಬೇಕಾದ್ದು ರೆಕ್ಕೆಗೆ. 701ರ ರೆಕ್ಕೆಯ ಮುಂಚೂಣಿಯಲ್ಲಿ, ಅಂಗೈ ತೂರುವಷ್ಟು ಸಂದಿ ಬಿಟ್ಟು, ಉದ್ದಕ್ಕೂ ಒಂದು ಬಾಗಿದ ಪಟ್ಟಿಯಿದೆ. ಅದರ ಹೆಸರು ಸ್ಲ್ಯಾಟ್. ಗದ್ದೆಗಿಳಿಯುವ ಬೆಳ್ಳಕ್ಕಿಯನ್ನು ಗಮನಿಸಿ: ಕೊನೆಯ ಗಳಿಗೆಯಲ್ಲಿ ರೆಕ್ಕೆಯ ಮಡಿಕೆಯ ಬಳಿ ಹೆಬ್ಬೆರಳಿನ ಪುಟ್ಟ ಗರಿಗಳು ಎದ್ದು ನಿಲ್ಲುತ್ತವೆ. ಕೆಲಸ ಹೆಚ್ಚುಕಡಿಮೆ ಒಂದೇ. ಸಂದಿಯಿಂದ ಗಾಳಿ ಪಿಚಕಾರಿಯಂತೆ ನುಗ್ಗಿ ರೆಕ್ಕೆಯ ಮೇಲಿನ ದಣಿದ ಗಾಳಿಗೆ ಚುರುಕು ಕೊಡುತ್ತದೆ ಎಂಬ ವಿವರಣೆ ಇಂದಿಗೂ ಪುಸ್ತಕಗಳಲ್ಲಿ ಉಳಿದಿದೆ. ಅದು ಮುಖ್ಯ ಕಾರಣವಲ್ಲವೆಂದು ವಾಯುಚಲನ ತಜ್ಞ ಎ. ಎಂ. ಒ. ಸ್ಮಿತ್ 1975ರಲ್ಲೇ ವಿವರಿಸಿದ್ದರು. ಪಟ್ಟಿಯ ಸುತ್ತ ಹರಿಯುವ ಗಾಳಿ, ಹಿಂದಿನ ರೆಕ್ಕೆಯ ಮೂಗಿನಲ್ಲಿ ಒತ್ತಡ ತೀರಾ ಕುಸಿಯದಂತೆ ತಡೆಯುತ್ತದೆ. ಕುಸಿತ ಕಡಿಮೆಯಾದರೆ ಗಾಳಿ ಮುಂದೆ ಹತ್ತಬೇಕಾದ ಒತ್ತಡದ ದಿಣ್ಣೆಯೂ ತಗ್ಗು. ಅದು ಕಿತ್ತು ಹೋಗದೆ ರೆಕ್ಕೆಗೆ ಅಂಟಿಕೊಂಡೇ ಸಾಗುತ್ತದೆ. ಸಾಮಾನ್ಯ ರೆಕ್ಕೆ ಸುಮಾರು 15 ಡಿಗ್ರಿ ವಾಲಿದಾಗ ಸೋತರೆ, ಇದು 30 ಡಿಗ್ರಿಯ ಹತ್ತಿರದವರೆಗೂ ತಾಳುತ್ತದೆ. ಗಂಟೆಗೆ 50 ಕಿಲೋಮೀಟರ್ ಆಸುಪಾಸಿನ ವೇಗದಲ್ಲೂ ವಿಮಾನ ತೇಲುತ್ತದೆ. ನೆಲ ಮುಟ್ಟುವ ವೇಗ ಅರ್ಧವಾದರೆ ನಿಲ್ಲಲು ಬೇಕಾದ ದೂರ ಸುಮಾರು ಕಾಲುಭಾಗ. ಎಷ್ಟು ಸೊಗಸಾದ ಉಳಿತಾಯ!

ಆದರೆ ನಿಧಾನವಾಗಿ ತೇಲುವುದು ಬೇರೆ, ಎತ್ತರಕ್ಕೆ ಏರುವುದು ಬೇರೆ. ನಮ್ಮ ಬೈಲುಗಳ ಅಂಚಿಗೆ ಅಡಿಕೆ ತೋಟ, ಅದರಾಚೆ ಗುಡ್ಡ. ಐದು ಮೀಟರ್ ಸಾಗಿದಾಗ ಒಂದು ಮೀಟರ್ ಏರುತ್ತದೆ ಎಂದು ಹಿಡಿದರೂ, 20 ಮೀಟರಿನ ಅಡಿಕೆ ಮರದ ತಲೆ ದಾಟಲು ನೆಲ ಬಿಟ್ಟ ಮೇಲೆ ಇನ್ನೂ 100 ಮೀಟರ್ ಬೇಕು. ಏಪ್ರಿಲ್‌ನ ಸೆಖೆಗೆ ಗಾಳಿ ತೆಳುವಾದಾಗ ಇನ್ನಷ್ಟು. ಅಲಾಸ್ಕಾದವರು ಇದಕ್ಕಿಂತ ಚಿಕ್ಕ ಜಾಗದಿಂದ ಏಳುತ್ತಾರಲ್ಲ ಎನ್ನಬಹುದು. ಅವರ ನದೀದಂಡೆಯ ಮುಂದೆ ಬಯಲಿದೆ. ಮೋಟು ಓಟದ ಸ್ಪರ್ಧೆಗಳ ದಾಖಲೆಗಳೋ, ಭಾರ ಇಳಿಸಿದ ವಿಮಾನದಲ್ಲಿ ನುರಿತವರು ಮಾಡಿದ್ದು. ನಮ್ಮಲ್ಲಿ ಈ ವಿಮಾನಕ್ಕೆ ಒಗ್ಗುವುದು ಬೈಲಲ್ಲ, ಮುರಕಲ್ಲಿನ ಬೋಳು ಪದವು. ಬಜಪೆಯ ನಿಲ್ದಾಣವೂ ಗುಡ್ಡದ ತಲೆಯ ಮೇಲೆಯೇ ಇದೆ. ಡಿಜಿಸಿಎ ನೋಂದಣಿ, ಅನುಮತಿಗಳ ಮಾತು ಆಮೇಲಿನದು. ಕಿಟ್ ಕೊಳ್ಳುವ ಆಸೆಯಿದ್ದವರು ಮಾರುವವರನ್ನು ಓಟದ ದೂರ ಕೇಳಿ ಸುಮ್ಮನಾಗಬೇಡಿ. ತುಂಬಿದ ಭಾರದಲ್ಲಿ 15 ಮೀಟರ್ ಎತ್ತರದ ಅಡ್ಡಿಯನ್ನು ದಾಟಲು ಒಟ್ಟು ಎಷ್ಟು ದೂರ ಬೇಕು ಎಂದು ಕೇಳಿ.